ಜಯಪುರದಲ್ಲಿ ಕೂಗಿದ ಬಾಕ್

ನಾನು ಬೇಸ್‌ಬಾಲ್ ಅಂಪೈರ್ ಆಗಿ ನಿಂತದ್ದು ಒಂದೇ ಸಲ, ಜಯಪುರದ ಮೈದಾನದಲ್ಲಿ. ಪಿ.ಟಿ. ಮೇಷ್ಟ್ರು ಅಂದಮೇಲೆ ಎಲ್ಲ ಆಟವೂ ಬರಬೇಕು ಅಂತ ಲೆಕ್ಕ. ನನ್ನ ಹತ್ತಿರ ಇದ್ದದ್ದು ನಿಯಮಗಳ ಒಂದು ಝೆರಾಕ್ಸ್ ಪುಸ್ತಕ, ಓದಿದ್ದು ಅರ್ಧ. ಯಾರನ್ನಾದರೂ ಕೇಳೋಣವೆಂದರೆ ಗುಡ್ಡ ಹತ್ತಿದರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದ ಕಾಲ.

ಕೊಪ್ಪ, ಶೃಂಗೇರಿ ಶಾಲೆಗಳ ಹುಡುಗಿಯರ ಪಂದ್ಯ. ಕೊನೆಯ ಸುತ್ತು, ಎರಡೂ ತಂಡ ಸಮ. ಕೊಪ್ಪದ ಹುಡುಗಿಯೊಬ್ಬಳು ಮೂರನೇ ಬೇಸಿನಲ್ಲಿದ್ದಳು. ಶೃಂಗೇರಿಯವಳು ಚೆಂಡೆಸೆಯಲು ಕೈ ಬೀಸುವಷ್ಟರಲ್ಲಿ, ಬ್ಯಾಟ್ ಹಿಡಿದವಳು ಕಣ್ಣಿಗೆ ಧೂಳು ಬಿತ್ತೆಂದು ಕೈ ಎತ್ತಿದಳು. ಎಸೆಯುವವಳು ಅರ್ಧಕ್ಕೇ ನಿಂತಳು. ನಾನು “ಬಾಕ್!” ಎಂದು ಕೂಗಿದೆ. ಎಸೆಯಲು ಶುರುಮಾಡಿ ನಿಲ್ಲಿಸುವುದು ತಪ್ಪು. ಬೇಸಿನಲ್ಲಿದ್ದವಳಿಗೆ ಮುಂದಿನ ಬೇಸು ಪುಕ್ಕಟೆ; ಮೂರನೆಯದರ ಮುಂದಿನದು ಹೋಮ್, ಅಂದರೆ ಒಂದು ರನ್. ಕೊಪ್ಪ ಗೆದ್ದಿತು.

“ಅವ್ಳು ಕೈ ಎತ್ತಿದ್ಲಲ್ಲ ಸರ್. ಎಸೆದು ಪೆಟ್ಟಾಗಿದ್ರೆ ಎಂತ ಮಾಡೂದು?” ಎಂದಳು ಎಸೆಯುವವಳು.

“ಆಟ ನಿಲ್ಸೋಕೆ ನಾನು ಟೈಮ್ ಕೊಟ್ಟಿದ್ನಾ? ರೂಲ್ ಅಂದ್ರೆ ರೂಲ್ ಮಾರಾಯ್ತಿ.”



ಸಂಜೆ ಹೋಟೆಲಿನಲ್ಲಿ ಪುಸ್ತಕ ತಿರುವಿದೆ. ಮುಂದಿನ ಪುಟದಲ್ಲೇ ಇತ್ತು: ಬ್ಯಾಟ್ ಮಾಡುವವರಿಂದಾಗಿ ಎಸೆಯುವವರು ನಿಂತರೆ ಅದು ಬಾಕ್ ಅಲ್ಲ, ಎಸೆತ ಮತ್ತೆ ಮೊದಲಿಂದ.

ಬಸ್‌ಸ್ಟ್ಯಾಂಡಿನಲ್ಲಿ ಆ ಸೋತ ಮಕ್ಕಳಿದ್ದಾರೆಂದು ರಸ್ತೆ ಹಿಡಿದು ನಡೆದುಬಿಟ್ಟೆ. ಅವರು ಮೊದಲಿನ ಬಸ್ಸಿಗೇ ಹೋಗಿರಬೇಕೆಂದುಕೊಂಡು, ಊರಾಚೆಯ ತಿರುವಿನಲ್ಲಿ ಶೃಂಗೇರಿ ಬಸ್ಸಿಗೆ ಕೈ ಎತ್ತಿದೆ, ನಿಂತಿತು. ಹತ್ತಿದರೆ ಒಳಗೆ ಅದೇ ತಂಡ. ಅದೇ ಹುಡುಗಿ ಎದ್ದು, “ಕೂತ್ಕೊಳಿ ಸರ್” ಎಂದಳು. ಪುಸ್ತಕವನ್ನು ಚೀಲದ ತಳಕ್ಕೆ ತುರುಕಿ ಕೂತೆ.

ರೂಲ್ ಪ್ರಕಾರ ಆ ತಿರುವಿನಲ್ಲಿ ಸ್ಟಾಪೇ ಇಲ್ಲ.