ಖಾಲಿ ಸೀಟಿಗೆ ತೋರಿಸಿದ ಪಿನ್

ದೆವ್ವ, ಗಾಳಿ, ಶಕುನ ಎಂದರೆ ನನಗೆ ಮೊದಲಿನಿಂದಲೂ ನಗು. 'ಎವೆರಿಥಿಂಗ್ ಹ್ಯಾಸ್ ಎ ರೀಸನ್' ಎಂದು ಕಾನ್ವೆಂಟಿನ ಸಿಸ್ಟರ್‌ಗಳು ತಲೆಗೆ ತುಂಬಿದ್ದರು. ಅದನ್ನು ಹಿಡಿದುಕೊಂಡೇ ಮುದುಕಿಯಾದೆ. ಆದ್ದರಿಂದ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ನಮ್ಮವರು ಫೈಟರ್ ಪೈಲಟ್ ಆಗಿದ್ದವರು. ರಿಟೈರ್ ಆದ ಮೇಲೆ ಮಧುಗಿರಿಯಲ್ಲಿ ಮನೆ ಕಟ್ಟಿಕೊಂಡೆವು. ಕೆಲವು ವರ್ಷಗಳ ಹಿಂದೆ, ಅವರ ನೆನಪು ಸಡಿಲವಾಗತೊಡಗಿದ್ದ ಕಾಲದಲ್ಲಿ, ಅವರ ಕೈಕೆಳಗೆ ಕಲಿತ ಆಫೀಸರ್ ಒಬ್ಬ ನೋಡಲು ಬಂದ. ಇವರು ಹಾರಿಸುತ್ತಿದ್ದ ವಿಮಾನಗಳಿಗೂ ರಿಟೈರ್‌ಮೆಂಟ್ ಆಗಿದೆ, ಕೆಲವನ್ನು ಡ್ರೋನ್ ಮಾಡುತ್ತಿದ್ದೇವೆ ಎಂದ. ಪೈಲಟ್ ಸೀಟು ಕಿತ್ತು ಆ ಜಾಗಕ್ಕೆ ಕಂಪ್ಯೂಟರ್ ಪೆಟ್ಟಿಗೆ ಇಡುತ್ತಾರಂತೆ. ನೆಲದಲ್ಲಿ ಕೂತೇ ಹಾರಿಸಿ, ಹೊಸ ಕ್ಷಿಪಣಿ ಸರಿಯಾಗಿದೆಯೇ ಎಂದು ನೋಡಲು ಹೊಡೆದು ಬೀಳಿಸುತ್ತಾರಂತೆ.

ಅಂದಿನಿಂದ ನಮ್ಮವರು ಕೂತಲ್ಲಿ ಕೂರಲಿಲ್ಲ. ಅವರ ತಲೆಯೊಳಗೆ ಆ ಸೀಟು ಖಾಲಿಯಾಗಲೇ ಇಲ್ಲ. "ಒಳಗೆ ಯಾರಿದ್ದಾನೆ? ಅವನ ಪಿನ್ ತೆಗೆದಿದ್ದಾರಾ?" ಇದೇ ಪ್ರಶ್ನೆ. ಅಪಾಯ ಬಂದಾಗ ಸೀಟಿನ ಸಮೇತ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಏರ್ಪಾಡಿಗೆ, ವಿಮಾನ ನೆಲದ ಮೇಲಿರುವಾಗ ಕೆಂಪು ಪಟ್ಟಿಯ ಪಿನ್ ಹಾಕಿಟ್ಟಿರುತ್ತಾರೆ. ಹೊರಡುವ ಮುನ್ನ ಅದನ್ನು ಎಳೆದು, ಕೆಳಗೆ ನಿಂತವನು ಎತ್ತಿ ತೋರಿಸಬೇಕು. ಪೈಲಟ್ ಹೆಬ್ಬೆರಳು ಎತ್ತಬೇಕು. ಪಿನ್ ಉಳಿದರೆ ಹೊರಬರುವ ದಾರಿಯಿಲ್ಲ. ಅವರ ಕೊನೆಯ ಹಾರಾಟದ ನೆನಪಿಗೆ ಅಂಥದೊಂದು ಪಿನ್ ನಮ್ಮ ಮನೆಯ ಬೀಗದ ಕೈ ಕೊಕ್ಕೆಯಲ್ಲಿ ತೂಗುತ್ತಿತ್ತು. "ಅವನಿಗೆ ಯಾರೂ ತೋರಿಸಿಲ್ಲ ಕಣೇ," ಎಂದು ಅದನ್ನು ಹಿಡಿದು ವರಾಂಡದಲ್ಲಿ ಓಡಾಡಿದರು. ಊಟ ಬಿಟ್ಟರು, ನಿದ್ದೆ ಬಿಟ್ಟರು. ಡಾಕ್ಟರ ಮಾತ್ರೆಗೂ ಬಗ್ಗಲಿಲ್ಲ. ಹೀಗೇ ಆದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು.

ಓಡುವ ಕಾರಿನಲ್ಲಿ ಮಾತ್ರ ಸುಮ್ಮನಿರುತ್ತಿದ್ದರು. ಹಾಗಾಗಿ ಡ್ರೈವರ್ ನಂಜಪ್ಪ ಕೊರಟಗೆರೆ, ಶಿರಾ, ಕಳ್ಳಂಬೆಳ್ಳದ ಕೆರೆ ಏರಿ ಎಂದು ದಿನಾ ಒಂದೊಂದು ಕಡೆ ಸುತ್ತಿಸುತ್ತಿದ್ದ. ಆ ದಿನ ಪಾವಗಡ ದಾಟಿ ರಾಯಚರ್ಲುವರೆಗೆ ಹೋದೆವು. "ನಿಲ್ಸುದ್ರೆ ಸಾಹೇಬ್ರು ಬೈತಾರೆ. ಇಂಗೇ ಬುಟ್ರೆ ಅನಂತಪುರ ಸೇರ್ಕೊತೀವಿ ಅಮ್ಮಾವ್ರೇ," ಎಂದು ಗೊಣಗುತ್ತ ಸೋಲಾರ್ ಫಲಕಗಳ ಪಕ್ಕದ ಟೀ ಅಂಗಡಿಯ ಮುಂದೆ ನಿಲ್ಲಿಸಿದ.

ನಮ್ಮವರು ಇಳಿದು ಅತ್ತಿಂದಿತ್ತ ನಡೆಯತೊಡಗಿದರು. "ಬೆಂಚಿಗೇನು ಬಾಡಿಗೆ ಇಲ್ಲ, ಕೂಕಳಾಕೆ ಹೇಳಮ್ಮ ನಿಮ್ ಸಾರುಗೆ," ಎಂದಳು ಅಂಗಡಿಯಾಕೆ.

ಅಷ್ಟರಲ್ಲಿ ಅವರು ತಟ್ಟನೆ ನಿಂತು ಆಕಾಶ ನೋಡಿದರು. ನನಗಿನ್ನೂ ಸದ್ದೇ ಕೇಳಿಸಿರಲಿಲ್ಲ. ಆಮೇಲೆ ಬಂತು ವಿಮಾನ, ಅವರು ಹಾರಿಸುತ್ತಿದ್ದಂಥದೇ, ಫಲಕಗಳ ಮೇಲೆ, ತೀರಾ ಕೆಳಗೆ. ಅವರು ಜೇಬಿನಿಂದ ಪಿನ್ ತೆಗೆದು ತೋಳೆತ್ತಿ ಹಿಡಿದರು. ಕೆಂಪು ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಂಡಿತು. ವಿಮಾನದ ರೆಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು. ಗಾಜಿನೊಳಗೆ ಬಿಳಿ ಹೆಲ್ಮೆಟ್ಟೊಂದು ನಮ್ಮ ಕಡೆ ತಿರುಗಿತು, ಹೆಬ್ಬೆರಳು ಎದ್ದಿತು. ನಮ್ಮವರು ತಲೆಯಾಡಿಸಿ ಪಿನ್ನನ್ನು ಜೇಬಿಗಿಳಿಸಿದರು.

ಫಲಕಗಳ ಹೊಳಪಿಗೆ ಕಣ್ಣು ಮಂಜಾಗಿರಬೇಕು, ನಾನ್‌ಸೆನ್ಸ್ ಎಂದುಕೊಂಡೆ. ಆದರೆ ಡ್ರೋನ್ ವಿಷಯ ಒಂದೂ ತಿಳಿಯದ ಅಂಗಡಿಯಾಕೆ ಟೀ ಸೋಸುವುದನ್ನು ಬಿಟ್ಟು, "ಒಳಗಿರೋನು ಹೆಬ್ಬೆಟ್ಟು ಎತ್ತಿ ತೋರ್ಸಿದ್ನಲ್ಲಮ್ಮಾ, ಸಾರುಗೆ ಗುರ್ತಿದ್ದೋನಾ?" ಎಂದಳು.

ಮರುದಿನ ಆ ಆಫೀಸರ್‌ಗೆ ಫೋನ್ ಮಾಡಿದೆ. ನಿನ್ನೆ ಆ ಕಡೆ ಅಂಥ ಡ್ರೋನ್ ಒಂದು ಹಾರಿದ್ದು ನಿಜ, ಸ್ವಲ್ಪ ಹೊತ್ತಿಗೇ ಹೊಡೆದು ಬೀಳಿಸಿದ್ದೂ ನಿಜ ಎಂದ. "ಒಳಗೆ ಯಾರೂ ಇರೋಕೆ ಚಾನ್ಸೇ ಇಲ್ಲ ಮ್ಯಾಮ್. ಸೀಟು ನಾನೇ ನಿಂತು ಬಿಚ್ಚಿಸಿದ್ದೀನಿ." ರೆಕ್ಕೆ ವಾಲಿಸುವ ಕಮಾಂಡನ್ನೂ ಯಾರೂ ಕೊಟ್ಟಿರಲಿಲ್ಲವಂತೆ. ಗಾಳಿ ಇರಬಹುದು ಎಂದ.

ವಿಮಾನವನ್ನು ಹೊಡೆದರಂತೆ ಎಂದು ಹೆದರುತ್ತಲೇ ನಮ್ಮವರಿಗೆ ಹೇಳಿದೆ. ಅವರು ಊಟಕ್ಕೆ ಕೂತಿದ್ದರು. "ಅಷ್ಟೊತ್ತಿಗೆ ಹೊರಗೆ ಚಿಮ್ಮಿ ಇಳಿದಿರ್ತಾನೆ ಬಿಡೇ," ಎಂದು ಇನ್ನೊಂದು ಮುದ್ದೆ ಕೇಳಿದರು. ಆ ರಾತ್ರಿ ಮಗುವಿನಂತೆ ಮಲಗಿದರು. ಮತ್ತೆಂದೂ ಆ ಪ್ರಶ್ನೆ ಕೇಳಲಿಲ್ಲ.

ಈಗ ಅವರಿಲ್ಲ. ಅವರ ಚಡಪಡಿಕೆ ನನಗೆ ಬಂದಿದೆ. ಒಳಗಿದ್ದವನು ಯಾರು ಎಂಬುದಕ್ಕೆ ಒಂದು ರೀಸನ್ ನನಗಿನ್ನೂ ಸಿಕ್ಕಿಲ್ಲ. ಆಕಾಶದಲ್ಲಿ ಸದ್ದಾದರೆ ಸಾಕು, ಕೊಕ್ಕೆಯಿಂದ ಪಿನ್ ತೆಗೆದುಕೊಂಡು ಅಂಗಳಕ್ಕೆ ಬರುತ್ತೇನೆ. ಎತ್ತಿ ತೋರಿಸದೆ ಒಳಗೆ ಹೋಗಲು ಮನಸ್ಸು ಒಪ್ಪುವುದಿಲ್ಲ.