ಜೋಳದಕ್ಕನ ಹಸಿರು ಸಾಲು

ಜೋಳದಕ್ಕನ ಮನೆಯಲ್ಲಿ ಮಾತು ಕೇಳಿಸಿದರೆ ನೆಂಟರು ಬಂದರೆಂದು ತಿಳಿಯಬೇಡಿ, ಹಿತ್ತಲಲ್ಲಿ ನಿಂತು ಜೋಳಕ್ಕೆ ಬುದ್ಧಿ ಹೇಳುತ್ತಿರುತ್ತಾಳೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ತೆನೆ ತೆನೆಗೂ ಕಾಗದದ ಚೀಲ ತೊಡಿಸುತ್ತಾಳಲ್ಲ, ಕೂಸಿಗೆ ಕುಲಾವಿ ಹಾಕಿದ ಹಾಗೆ, ಎಂದು ನಗುತ್ತಿದ್ದರು. ಬೇರೆ ಗಿಡದ ಪರಾಗ ಹಾರಿ ಬಂದು ತಳಿ ಕೆಡದಿರಲಿ ಎಂದು ಕಟ್ಟಿದ ಚೀಲ ಅದು. ಆಡಿಕೊಳ್ಳುವವರಿಗೂ ಅದು ಗೊತ್ತಿತ್ತು. ಆದರೂ ಆಡಿಕೊಳ್ಳುವ ಬಾಯಿಗೆ ಬೀಗ ಹಾಕುವವರು ಯಾರು?

ಅದು ಸಂಶೋಧನಾ ಕೇಂದ್ರದ ವಸತಿಮನೆಗಳ ಸಾಲು. ಅವಳ ಎಡಗಡೆಯ ಮನೆಯಲ್ಲಿದ್ದದ್ದು ಹೊಸ ಔಷಧಿಗಳನ್ನು ಇಲಿಗಳಿಗೆ ಕೊಟ್ಟು ನೋಡುವ ಡಾಕ್ಟರಮ್ಮ, ಬೀದಿಯ ಬಾಯಲ್ಲಿ ಇಲಿ ಡಾಕ್ಟ್ರು. ಬಲಗಡೆ, ಲೋಹ ಹೇಗೆ ತುಕ್ಕು ಹಿಡಿಯುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ಭೂತಗನ್ನಡಿ ಹಿಡಿದೇ ತಲೆ ನರೆಸಿಕೊಂಡ ತುಕ್ಕಿನ ಮೇಷ್ಟ್ರು. ಮಧ್ಯದ ಮನೆ ಜೋಳದಕ್ಕನದು. ಒಂದು ತಟ್ಟೆ, ಒಂದು ಲೋಟ, ಗೋಡೆಗೊರಗಿಸಿದ ಒಂದು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಬೀಜದ ಡಬ್ಬಗಳು ಕೂತಿದ್ದವು.

“ನನ್ನ ಇಲಿಗಳಾದ್ರೂ ಬಾಗಿಲು ತೆಗೆದ್ರೆ ತಿರುಗಿ ನೋಡ್ತವೆ ಅಕ್ಕಾ,” ಎಂದು ಇಲಿ ಡಾಕ್ಟ್ರು ಕಾಂಪೌಂಡಿನ ಮೇಲಿಂದ ಚುಡಾಯಿಸುತ್ತಿದ್ದರು. “ನಿಮ್ಮ ಜೋಳಕ್ಕೆ ಅಷ್ಟೂ ಮರ್ಯಾದೆ ಇಲ್ಲ.”

“ಅದಕ್ಕೆ ಇನ್ನೂ ತಲೆ ಬಂದಿಲ್ಲ. ತೆನೆ ಬರಲಿ, ಬಗ್ಗುತ್ತೆ,” ಎನ್ನುತ್ತಿದ್ದಳು ಜೋಳದಕ್ಕ.

ಮಳೆ ಕೈಕೊಟ್ಟರೂ ಬಾಡದ ಜೋಳವೊಂದನ್ನು ಹುಟ್ಟಿಸಬೇಕು, ಅಷ್ಟೇ ಅವಳ ಹಟ. ತೆನೆ ಕಾಳು ಕಟ್ಟುವ ಹೊತ್ತಿಗೆ ಹಿತ್ತಲ ಹೊಲಕ್ಕೆ ನೀರು ನಿಲ್ಲಿಸಿಬಿಡುತ್ತಿದ್ದಳು. ಆಮೇಲೆ ಮನಸ್ಸು ಕಲ್ಲು ಮಾಡಿಕೊಂಡು ಸಾಲಿನಿಂದ ಸಾಲಿಗೆ ನಡೆದು, ಸೊರಗಿದ್ದನ್ನು ಕಿತ್ತೆಸೆದು, ಹಸಿರಾಗಿ ನಿಂತದ್ದರ ಬೀಜ ಕಟ್ಟಿಡುತ್ತಿದ್ದಳು. ಮರುವರ್ಷ ಆ ಬೀಜಕ್ಕೆ ಬಚ್ಚಲ ಗೋಡೆಯ ಮಗ್ಗುಲಿನ ಸಾಲೇ ಜಾಗ. ಅಲ್ಲಿಗೆ ಹಕ್ಕಿಯ ಕಾಟ ಕಡಿಮೆ, ಅಡುಗೆಮನೆಯ ಕಿಟಕಿಯಿಂದ ಕಣ್ಣಿಗೂ ಬೀಳುತ್ತದೆ. ಮುದ್ದಿನದನ್ನು ಹತ್ತಿರ ಇಟ್ಟುಕೊಳ್ಳಬೇಕು ಅನಿಸುವುದು ಸಹಜ ತಾನೇ.

ಸಂಬಂಧ ನೋಡಲು ಅಮ್ಮ ಕರೆದಾಗಲೆಲ್ಲ ಜೋಳ ಹೂ ಬಿಟ್ಟಿರುತ್ತಿತ್ತು. ಹೂವಿನ ಕೆಲಸ ಮುಗಿಸಿ ಬರುತ್ತೇನಮ್ಮಾ ಅನ್ನುತ್ತಿದ್ದಳು. ಬರುವಷ್ಟರಲ್ಲಿ ಹುಡುಗನಿಗೆ ಬೇರೆ ಕಡೆ ನಿಶ್ಚಯವಾಗಿರುತ್ತಿತ್ತು. ಕೇಳಿ ಕೇಳಿ ಸಾಕಾದ ಅಮ್ಮ ಒಂದು ದಿನ ಕೇಳುವುದನ್ನೇ ಬಿಟ್ಟಳು, ಇನ್ನೊಂದು ದಿನ ಲೋಕವನ್ನೇ ಬಿಟ್ಟಳು. ಉಳಿದವನು ತಮ್ಮ. ಅವನು ಆಗಾಗ ಫೋನ್ ಮಾಡಿ, ಕೆಲಸ ಮುಗಿದ ಮೇಲಾದರೂ ನಮ್ಮ ಮನೆಗೆ ಬಂದುಬಿಡು ಅಕ್ಕಾ, ಅನ್ನುತ್ತಿದ್ದ.

ಅವಳು ನಿವೃತ್ತಳಾಗುವ ವರ್ಷ ತಳಿ ಸಿದ್ಧವಾಯಿತು. ಬಚ್ಚಲ ಗೋಡೆಯ ಪಕ್ಕ ಗಿಳಿಹಸಿರಾಗಿ ನಿಂತ ಸಾಲನ್ನು ನೋಡಲು ಊರೂರಿನ ಪಂಡಿತರು ಬಂದು ಹೋದರು. ಹೊರಗಿನ ಎರಡು ಹೊಲಗಳಲ್ಲೂ ಬಿತ್ತಿ ನೋಡಿದ್ದಾಗಿತ್ತು. ಒಂದು ಕಡೆ ಮಳೆ ಸರಿಯಾಗಿ ಬಂದಿತ್ತು, ಬೆಳೆಯೂ ಬಂದಿತ್ತು. ಇನ್ನೊಂದು ಕಡೆ ಬಾಡಿತ್ತು. ಅಲ್ಲಿಯ ಮಣ್ಣೇ ಸರಿಯಿಲ್ಲ ಎಂದು ಎಲ್ಲರೂ ಅಂದರು, ಅವಳೂ ಅಂದಳು. ಮುಂದಿನ ಬಿತ್ತನೆಗೆ ಒಣಭೂಮಿಯ ರೈತರಿಗೆ ಬೀಜ ಹಂಚುವುದೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ಅವಳ ಬಚ್ಚಲು ಕಟ್ಟಿಕೊಂಡಿತು.

ಪ್ಲಂಬರ್ ಬಂದು ಹಿತ್ತಲಲ್ಲಿ ಬಚ್ಚಲ ಗೋಡೆಯ ಪಕ್ಕ, ಆ ಸಾಲಿನ ಬುಡದಲ್ಲೇ ನೆಲ ಅಗೆದ. ಹಳೆಯ ಕಬ್ಬಿಣದ ಪೈಪು ಉದ್ದಕ್ಕೆ ಬಿರಿದಿತ್ತು. ಕೈ ಹಾಕಿ ಎಳೆದರೆ ಒಳಗಿನಿಂದ ಜಡೆಯಂಥ ಬೇರಿನ ಕಂತೆ.

“ಏನಮ್ಮಾ, ಪೈಪಿನೊಳಗೂ ಬೇಸಾಯ ಮಾಡಿದ್ದೀರಲ್ಲ,” ಎಂದು ನಕ್ಕ ಅವನು.

ಜೋಳದಕ್ಕ ನಗಲಿಲ್ಲ. ಆ ಬೇರು ಯಾವುದೆಂದು ಕೇಳಬೇಕಾಗಿರಲಿಲ್ಲ. ಬಿರಿದ ತುಂಡನ್ನು ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ತುಕ್ಕಿನ ಮೇಷ್ಟ್ರ ಮನೆಗೆ ಹೋದಳು. ದಾರಿಯೆಂದರೆ ಹತ್ತು ಹೆಜ್ಜೆ ಇರಬಹುದು. ಬಿರುಕು ಹೊಸದಾಗಿರಲಿ, ಈ ವರ್ಷದ್ದಾಗಿರಲಿ ಎಂದು ಬೇಡಿಕೊಳ್ಳುತ್ತಾ ಹೋದಳು.

ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಉಗುರಿನಿಂದ ಕೆರೆದರು. ಬಿರುಕಿನ ಅಂಚನ್ನು ಕೊಯ್ದು ಮತ್ತೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು, ಎಷ್ಟು ಹೊತ್ತಾದರೂ ಒರೆಸುವುದು ಮುಗಿಯಲಿಲ್ಲ.

“ಇದು ನಿನ್ನೆ ಮೊನ್ನೆಯದಲ್ಲ ಅಕ್ಕಾ. ತುಕ್ಕು ಪದರದ ಮೇಲೆ ಪದರ ಕೂತಿದೆ. ನೀವು ಈ ಮನೆಗೆ ಬಂದ ಹೊಸದರಲ್ಲೇ ಬಿರಿದಿರಬೇಕು.”

“ಹಾಗಾದ್ರೆ ಇಷ್ಟು ವರ್ಷ, ನಾನು ಸ್ನಾನ ಮಾಡಿದ ನೀರು...”

“ಹೂಂ.” ಮೇಷ್ಟ್ರು ತಲೆಯೆತ್ತಲಿಲ್ಲ. “ಬೇರೆ ಏನಾದ್ರೂ ಹೇಳೋ ಹಾಗಿದ್ರೆ ಹೇಳ್ತಿದ್ದೆ.”

“ಸುಳ್ಳು ಹೇಳಲ್ಲ ಅಂತಾನೇ ನಿಮ್ಮ ಹತ್ರ ತಂದದ್ದು.”

ಬಿಸಿಲು ತಾಳುತ್ತದೆಂದು ಅವಳು ವರ್ಷವರ್ಷವೂ ಆರಿಸಿದ್ದು, ಬಚ್ಚಲ ನೀರು ಯಾವುದಕ್ಕೆ ಸಿಕ್ಕಿತ್ತೋ ಅದನ್ನು. ಒಂದೇ ಹೆಂಗಸಿನ ಮೈತೊಳೆದ ನೀರು, ದಿನವೂ ಬೆಳಗ್ಗೆ ಎರಡು ಬಕೆಟ್, ಒಂದು ಸಾಲಿಗೆ ಸಾಕಾಗಿತ್ತು.

ಸುದ್ದಿ ಕೇಳಿ ಇಲಿ ಡಾಕ್ಟ್ರು ಬಂದರು. ಬೀಜದ ಡಬ್ಬಗಳನ್ನು ನೆಲಕ್ಕಿಳಿಸಿ ಎರಡನೆಯ ಕುರ್ಚಿಯಲ್ಲಿ ಕೂತರು. ತಾವು ಮಾಡಿದ ಒಂದು ಔಷಧಿಯಿಂದ ಇಲಿಗಳೆಲ್ಲ ಗುಣವಾಗಿದ್ದನ್ನೂ, ಅದನ್ನೇ ಮನುಷ್ಯರಿಗೆ ಕೊಟ್ಟಾಗ ಏನೂ ಆಗದಿದ್ದನ್ನೂ ಹೇಳಿದರು. ಸಮಾಧಾನಕ್ಕೆಂದು ಎತ್ತಿದ ಮಾತು ಅವರನ್ನೇ ಕಲಕಿಬಿಟ್ಟಿತು.

“ಹೇಳ್ದೇ ಇದ್ರೆ ಯಾರಿಗೆ ಗೊತ್ತಾಗುತ್ತೆ ಅಕ್ಕಾ?” ಎಂದರು ಕೊನೆಗೆ, ಬಹಳ ಮೆಲ್ಲಗೆ.

“ಮಳೆ ಬರದ ವರ್ಷ, ಇದನ್ನ ನಂಬಿ ಬಿತ್ತಿದವರಿಗೆ ಗೊತ್ತಾಗುತ್ತೆ.”

ಮರುದಿನ ನಿರ್ದೇಶಕರ ಕೋಣೆಗೆ ಹೋಗಿ ಪೈಪಿನ ತುಂಡನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅವರು ಮೊದಲು ರೇಗಿದರು, ಆಮೇಲೆ ತಲೆ ಹಿಡಿದು ಕೂತರು. ಹಂಚಿಕೆ ನಿಂತಿತು. ದೂರದ ಬರಡು ಹೊಲದಲ್ಲಿ, ಸಾಮಾನ್ಯ ಜೋಳದ ಪಕ್ಕದಲ್ಲೇ ಇನ್ನೊಮ್ಮೆ ಬಿತ್ತಿ ನೋಡೋಣ, ನಿವೃತ್ತಿಯಾದರೂ ಅಲ್ಲಿಯವರೆಗೆ ಈ ವಸತಿಮನೆಯಲ್ಲಿರಲು ಬಿಡಿ ಎಂದು ಕೇಳಿಕೊಂಡಳು. ಒಪ್ಪಿದರು.

ಆ ಬೆಳೆ ಮುಗಿಯುವವರೆಗೂ ಅವಳ ಹಿತ್ತಲು ಬರಿದಾಗಿತ್ತು. ಹೊಸ ಪ್ಲಾಸ್ಟಿಕ್ ಪೈಪಿನಲ್ಲಿ ಬಚ್ಚಲ ನೀರು ಗಳಗಳನೆ ಎತ್ತಲೋ ಹರಿದು ಹೋಗುವುದು ಕೇಳಿಸುತ್ತಿತ್ತು. ಅವಳು ದೂರದ ಹೊಲಕ್ಕೆ ನಡೆದು ಹೋಗಿ ನೋಡಿ ಬರುತ್ತಿದ್ದಳು. ಅಲ್ಲಿ ಮಾತಾಡುತ್ತಿರಲಿಲ್ಲ. ನೀರು ನಿಲ್ಲಿಸಿದ ಮೇಲೆ ಅವಳ ಜೋಳ ಪಕ್ಕದ ಜೋಳಕ್ಕಿಂತ ಒಂದು ದಿನವೂ ಹೆಚ್ಚು ತಡೆಯಲಿಲ್ಲ. ಎಲೆ ಸುರುಳಿ ಸುತ್ತಿ, ತುದಿ ಸುಟ್ಟು, ಜೋತುಬಿತ್ತು. ಕೂಲಿಯವರು ಕೀಳಲು ಬಂದರೆ ಬೇಡವೆಂದಳು. ತಾನೇ ಬಗ್ಗಿ ಒಂದೊಂದಾಗಿ ಕಿತ್ತು ಬದುವಿನ ಮೇಲೆ ಹಾಕಿದಳು.

ತಮ್ಮನ ಮನೆಗೆ ಹೊರಡುವ ದಿನ ಬೆಳಗ್ಗೆ ನೆರೆಯವರಿಬ್ಬರೂ ಮನೆಯ ಮುಂದೆ ಬಂದು ನಿಂತರು. ಒಳಗಿನಿಂದ ಚಿಲಕದ ಸದ್ದು ಕೇಳಿಸಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಇಷ್ಟು ವರ್ಷ ಅವಳು ಬಂದದ್ದು ಹೋದದ್ದು ಎಲ್ಲ ಹಿತ್ತಲ ಬಾಗಿಲಿನಿಂದಲೇ. ಮುಂಬಾಗಿಲ ಚಿಲಕ ಬಿಗಿದುಕೊಂಡಿತ್ತು. ಮೇಷ್ಟ್ರು ಹೊರಗಿನಿಂದ ಭುಜ ಕೊಟ್ಟು ನೂಕಿದರು.

“ಹಿಂದುಗಡೆಯಿಂದಾನೇ ಬಂದ್ಬಿಡಿ ಅಕ್ಕಾ,” ಎಂದರು ಇಲಿ ಡಾಕ್ಟ್ರು.

“ಇಲ್ಲಮ್ಮ. ಆ ಕಡೆ ನನಗಿನ್ನೇನೂ ಕೆಲಸ ಇಲ್ಲ,” ಎಂದಿತು ಒಳಗಿನ ದನಿ. “ಮೇಷ್ಟ್ರೇ, ಇನ್ನೊಂದು ಸಲ ನೂಕಿ.”

ಮೇಷ್ಟ್ರು ನೂಕಿದರು. ಚಿಲಕ ಕಿರ್ರೆಂದು ಸರಿಯಿತು. ಅವಳು ಚೀಲವನ್ನು ಕೈಗೆತ್ತಿಕೊಂಡು ಹೊಸ್ತಿಲು ದಾಟಿದಳು.