ಬಿಸಿಲಿನಲ್ಲಿ ಬಂದ ನೀರು

ನಮ್ಮ ಮನೆಗೆ ನೀರು ನುಗ್ಗಿದ ದಿನ ಹರಪನಹಳ್ಳಿಯಲ್ಲಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಎದುರು ಕೂತು ಒಂದು ಮದುವೆ ಮನೆಯವರ ಜಂಪರುಗಳಿಗೆ ಹುಕ್ಕು ಹಚ್ಚುತ್ತಿದ್ದೆ. ಹಿತ್ತಲ ಕಡೆಯಿಂದ ಯಾರೋ ಕಸಬರಿಗೆ ಎಳೆದಂಥ ಸದ್ದು ಬಂತು. ಹೋಗಿ ನೋಡಿದರೆ ಕೆಂಪು ನೀರು ಹೊಸ್ತಿಲು ದಾಟಿ ಅಡುಗೆಮನೆಯೊಳಗೆ ಬಂದಿತ್ತು. ಮೆಕ್ಕೆಜೋಳದ ದಂಟುಗಳೂ ಯಾರದೋ ಒಂಟಿ ಚಪ್ಪಲಿಯೂ ಅದರ ಮೇಲೆ ತೇಲುತ್ತಿದ್ದವು.

ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರ್. ಆ ಹೊತ್ತಿಗೆ ಕೂಡ್ಲಿಗಿಯ ದಾರಿಯಲ್ಲಿದ್ದರು. ಒಬ್ಬಳೇ ಯಂತ್ರದ ತಲೆ ಬಿಚ್ಚಿ ಅಟ್ಟಕ್ಕೆ ಏರಿಸಿದೆ. ಕೆಳಗಿನ ಮೋಟಾರು ನೀರಿನಲ್ಲೇ ಉಳಿಯಿತು. ಗಿರಾಕಿಗಳ ಬಟ್ಟೆಯ ಗಂಟುಗಳನ್ನು ಮಂಚದ ಮೇಲೆ ಎಸೆದೆ. ಸ್ವಲ್ಪ ಹೊತ್ತಿಗೆ ಮಂಚಕ್ಕೂ ನೀರು ಬಂತು. ಮಾಳಿಗೆ ಹತ್ತಿ ನಿಂತಾಗ ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ನಮ್ಮ ಸಾಲಿನ ಆರು ಮನೆಗಳ ಹಿಂದೆ, ನಿನ್ನೆಯವರೆಗೂ ಒಣಗಿ ಬಿದ್ದಿದ್ದ ನೆಲದ ಮೇಲೆ, ಒಂದು ಹಳ್ಳ ತುಂಬಿ ಹರಿಯುತ್ತಿತ್ತು. ಮೇಲೆ ಆಕಾಶ ನೀಲಿಯಾಗಿತ್ತು.

ಸಂಜೆಗೆ ನೀರು ಇಳಿಯಿತು. ಮನೆ ತುಂಬ ಅಂಟು ಕೆಸರು. ಮೊದಲು ನಾನು ಮಾಡಿದ್ದು ಗಿರಾಕಿಗಳ ಬಟ್ಟೆ ತೊಳೆದದ್ದು. ನನ್ನ ಸೀರೆ ಹಾಳಾದರೆ ನನ್ನದು. ಮಂದಿಯ ಬಟ್ಟೆ ಹಾಗಲ್ಲ. ಎರಡು ದಿನ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದೆ. ಬಣ್ಣ ಬಿಟ್ಟವುಗಳನ್ನು ಹಿಡಿದುಕೊಂಡು ಒಂದೊಂದೇ ಮನೆಗೆ ಹೋಗಿ ಹೀಗಾಯಿತು ಎಂದು ಹೇಳಿ ಬಂದೆ.

ಆಗಲೇ ಎದುರು ಮನೆಯ ಸಾಹುಕಾರರು ಬಂದರು. ಮೆಕ್ಕೆಜೋಳದ ವ್ಯಾಪಾರಿ, ಒಳ್ಳೆಯ ಮನುಷ್ಯ. ನಾವು ಮನೆ ಕಟ್ಟುವಾಗ ತಮ್ಮ ಬೋರಿನ ನೀರು ಕೊಟ್ಟವರು. ನಮ್ಮ ಹಿತ್ತಲಿಗೆ ಹೊಂದಿಕೊಂಡ ಸೈಟೂ ಅವರದೇ. ಅದಕ್ಕೆ ಕಲ್ಲಿನ ಕಾಂಪೌಂಡು ಕಟ್ಟಿಸಿದ್ದರು. ಗೋಡೆಗಳನ್ನು ಬೇಗ ತೊಳೆಯಿಸಿಬಿಡಿ, ಬಡಾವಣೆ ಮಾಡಿದವರು ಎಲ್ಲರ ಮನೆಗೂ ಪುಕ್ಕಟೆ ಸುಣ್ಣ ಹೊಡೆಸಿಕೊಡುತ್ತಾರಂತೆ ಎಂದರು. ಯಾಕೆ ಎಂದು ಕೇಳಿದೆ.

"ಇನ್ನೂ ಸೈಟು ಮಾರೋದೈತಲ್ಲ ತಂಗಿ. ಇಲ್ಲಿ ನೀರು ಬರ್ತತಿ ಅಂತ ಸುದ್ದಿ ಆದ್ರ ನಿಮ್ಮ ಮನಿ ಬೆಲಿನೂ ಬೀಳ್ತತಿ, ನಂದೂ ಬೀಳ್ತತಿ."

ಮರುದಿನ ಸುಣ್ಣದ ಬಕೆಟ್ಟು ಹಿಡಿದು ಆಳು ಬಂದ. ಐದು ಮನೆಗೆ ಹೊಡೆದ. ನನ್ನ ಗೋಡೆ ಮುಟ್ಟಲು ಬಿಡಲಿಲ್ಲ.

ಸುಣ್ಣ ಬೇಡವೆನ್ನಲು ಒಂದು ಕಾರಣವಿತ್ತು. ಮನೆಯ ಸಾಲ ಕೊಡುವಾಗ ಬ್ಯಾಂಕಿನವರು ಮನೆಗೆ ವಿಮೆ ಮಾಡಿಸಿದ್ದರು. ಬರದ ಸೀಮೆಯಲ್ಲಿ ಇದೇತಕ್ಕೆ ಎಂದು ನಕ್ಕು ಸಹಿ ಹಾಕಿದ್ದೆವು. ಈಗ ಆ ಕಾಗದ ಟ್ರಂಕಿನಿಂದ ಹೊರಬಂತು. ನಾನೂ ಗಂಡನೂ ಕೂತು ಇಂಗ್ಲಿಷ್ ಅಕ್ಷರ ಕೂಡಿಸಿ ಒಂದಿಷ್ಟು ಓದಿದೆವು. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ. ಪ್ರವಾಹ ಎಂಬ ಆ ಒಂದು ಮಾತಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಗೋಡೆಯ ಮೇಲಿನ ಕೆಸರಿನ ಗುರುತೇ ಅದಕ್ಕೆ ಸಾಕ್ಷಿ. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟೆವು.

ಹಾನಿ ನೋಡಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಂದ. ಬಾಗಿಲುಗಳ ಫೋಟೊ ಹೊಡೆದ, ಕುಸಿದ ನೆಲ ಅಳೆದ. ಅಂದು ಮಳೆ ಬಂದಿತ್ತೇ ಎಂದು ಕೇಳಿದ. ಇಲ್ಲ ಎಂದೆ. ಅವನು ಬರೆದುಕೊಂಡ. ಕೆಲವು ವಾರಗಳಾದ ಮೇಲೆ ಕಾಗದ ಬಂತು. ಆ ದಿನ ಊರಿನಲ್ಲಿ ಮಳೆ ಬಿದ್ದಿಲ್ಲ, ಈ ಜಾಗ ಪ್ರವಾಹ ಬರುವಂಥದ್ದಲ್ಲ, ಇದು ಚರಂಡಿ ಕಟ್ಟಿಕೊಂಡು ಒಳಬಂದ ನೀರು; ಆದ್ದರಿಂದ ಪರಿಹಾರವಿಲ್ಲ.

ನಿಜ ಹೇಳಿದ್ದಕ್ಕೆ ಈ ಉತ್ತರವೇ ಎಂದು ಮೈ ಉರಿಯಿತು. ಮಳೆ ಬಂದಿತ್ತು ಎಂದು ಹೇಳಬೇಕಿತ್ತು ಎಂದು ಗಂಡ ಗೊಣಗಿದರು. ಸುಳ್ಳು ಯಾಕೆ ಹೇಳಬೇಕು? ನೀರಂತೂ ಬಂದಿತ್ತು. ಎಲ್ಲಿಂದ ಬಂತು ಎಂಬುದನ್ನು ತೋರಿಸಬೇಕಾಗಿತ್ತು, ಅಷ್ಟೇ.

ನಮ್ಮ ಬಡಾವಣೆಯ ಆಚೆ ದಿನಾ ಕುರಿ ಹೊಡೆದುಕೊಂಡು ಹೋಗುವ ಒಬ್ಬ ಅಜ್ಜನಿದ್ದ. ಹುಟ್ಟಿದಾಗಿನಿಂದ ಅದೇ ಬಯಲಿನಲ್ಲಿ ಕುರಿ ಮೇಯಿಸಿದವನು. ಒಂದು ಬೆಳಿಗ್ಗೆ ಅವನನ್ನು ನಿಲ್ಲಿಸಿ ಕೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಬಾ ತೋರಿಸುತ್ತೇನೆ ಎಂದು ನನ್ನನ್ನು ಕೆರೆಯವರೆಗೆ ನಡೆಸಿಕೊಂಡು ಹೋದ. ನಮ್ಮ ಮನೆಗೆ ನೀರು ನುಗ್ಗಿದ ಹಿಂದಿನ ದಿನ ಮೇಲಿನ ಹಳ್ಳಿಗಳಲ್ಲಿ ಸುರಿದ ಮಳೆ ಬೆಳಗಾಗುವುದರೊಳಗೆ ಕೆರೆ ತುಂಬಿಸಿತ್ತು. ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದಿತ್ತು. ಕೋಡಿಯಿಂದ ಹೊರಟ ಹಳ್ಳದ ಗುಂಟ ಇಬ್ಬರೂ ಇಳಿದು ಬಂದೆವು. ಬಡಾವಣೆಯ ಬೇಲಿ ಸಿಕ್ಕಿದ ಕಡೆ ಹಳ್ಳ ಮಾಯವಾಯಿತು. ಮಣ್ಣು ತುಂಬಿ ಸಪಾಟು ಮಾಡಿದ್ದರು.

"ನಿನ್ನ ಮನಿ ಪಾಯ ತೆಗೆದಾಗ ಏನು ಬಂತಬೇ?" ಎಂದು ಅಜ್ಜ ಕೇಳಿದ.

"ಉಸುಕು ಬಂತು ಯಜ್ಜ."

"ಮತ್ತ? ಹೊಲದಾಗ ಉಸುಕು ಎಲ್ಲಿಂದ ಬರ್ತತಿ?"

ಅದು ಹಳ್ಳದ ಉಸುಕು. ಪಾಯದಲ್ಲಿ ಉಸುಕು ಸಿಕ್ಕಾಗ, ಕೊಳ್ಳುವುದು ತಪ್ಪಿತು ಎಂದು ಗಾರೆಯವರಿಗೆಲ್ಲ ಚಹಾ ಮಾಡಿಕೊಟ್ಟವಳು ನಾನೇ.

ಭೂಮಾಪನ ಕಚೇರಿಗೆ ಅರ್ಜಿ ಹಾಕಿ ಹಳೆಯ ಗ್ರಾಮ ನಕ್ಷೆಯ ಪ್ರತಿ ತೆಗೆಸಿದೆ. ಅಲ್ಲಿನ ಗುಮಾಸ್ತೆ ಹೆಣ್ಣುಮಗಳು ತಾಳ್ಮೆಯಿಂದ ಬೆರಳಿಟ್ಟು ತೋರಿಸಿದಳು. ಕೆರೆಯಿಂದ ಎರಡು ಗೆರೆ ಜೊತೆಯಾಗಿ ಹೊರಟು, ಡೊಂಕಾಗಿ, ನಮ್ಮ ಸಾಲಿನ ಬೆನ್ನಿಗೇ ಹಾದು ಹೋಗಿದ್ದವು. ಎರಡು ಗೆರೆಯ ನಡುವೆ ಇರುವುದು ಹಳ್ಳ, ಅದು ಯಾರ ಸ್ವತ್ತೂ ಅಲ್ಲ, ಸರ್ಕಾರದ್ದು ಎಂದಳು. ನಮ್ಮ ಹಿತ್ತಲಿನ ಆಚೆಯ ಸಾಹುಕಾರರ ಸೈಟು ಪೂರ್ತಿ ಆ ಗೆರೆಗಳ ಒಳಗಿತ್ತು. ನಮ್ಮ ಬಚ್ಚಲುಮನೆಯ ಮೂಲೆಯೂ ಇತ್ತು.

ನಕ್ಷೆ ನೋಡಿ ಗಂಡ ಅದನ್ನು ಮಡಿಚಿ ನನ್ನ ಕೈಗಿಟ್ಟರು. "ಇದನ್ನ ಕೊಟ್ರ ವಿಮೆ ಸಿಗ್ತತೋ ಇಲ್ಲೋ, ಮನಿ ಕೆಡವಾಕ ಮಾತ್ರ ಬರ್ತಾರ. ಸುಮ್ಕಿರು."

ಎರಡು ದಿನ ಸುಮ್ಮನೆ ಯೋಚಿಸಿದೆ. ಅವರ ಭಯ ಸುಳ್ಳಲ್ಲ. ಆದರೆ ನಕ್ಷೆಯನ್ನು ಟ್ರಂಕಿನಲ್ಲಿಟ್ಟರೆ ನೀರು ಬರುವುದು ನಿಲ್ಲುತ್ತದೆಯೇ? ಮೂರನೆಯ ದಿನ ಗಾರೆಯವನನ್ನು ಕರೆಸಿ ಬಚ್ಚಲುಮನೆಯ ಆ ಮೂಲೆ ಒಡೆಸಿದೆ. ಹಂಡೆಯನ್ನು ಈಚೆಗೆ ಸರಿಸಿ ಕೂಡಿಸಿದೆ. ಇನ್ನು ಹಳ್ಳದ ಜಾಗದಲ್ಲಿ ನನ್ನದೂ ಇದೆ ಎಂದು ಯಾರೂ ಬೆರಳು ತೋರಿಸುವಂತಿರಲಿಲ್ಲ.

ಆಮೇಲೆ ಬರೆಯಲು ಕೂತೆ. ಕೆರೆ ಕೋಡಿ ಬಿದ್ದ ದಿನದ ಬಗ್ಗೆ ಕೆರೆ ನೋಡಿಕೊಳ್ಳುವ ಕಚೇರಿಯ ಪತ್ರ, ನಕ್ಷೆ, ತೊಳೆಯದೆ ಉಳಿಸಿದ್ದ ಗೋಡೆಯ ಫೋಟೊ, ಅಜ್ಜ ಹೇಳಿ ಹೆಬ್ಬೆಟ್ಟು ಒತ್ತಿದ ಹಾಳೆ, ಎಲ್ಲವನ್ನೂ ವಿಮಾ ಕಂಪನಿಗೆ ಕಳಿಸಿದೆ. ಮತ್ತೆ ಇಲ್ಲ ಎಂದರು. ವಿಮೆಯ ದೂರು ಕೇಳಲೆಂದೇ ಲೋಕಪಾಲರು ಇದ್ದಾರೆ, ಅವರಿಗೆ ವಕೀಲರಿಲ್ಲದೆಯೂ ಬರೆಯಬಹುದು ಎಂದು ಬ್ಯಾಂಕಿನ ಒಬ್ಬರು ಹೇಳಿದರು. ಅಲ್ಲಿಗೂ ಬರೆದೆ. ವಿಚಾರಣೆ ಫೋನಿನ ಪರದೆಯ ಮೇಲೆ ನಡೆಯಿತು. ಅಂದು ಮಳೆ ಇರಲಿಲ್ಲ ಎಂದು ಕಂಪನಿಯವರು ಮತ್ತೆ ಹೇಳಿದರು. ನಾನು ನನಗೆ ಬಂದ ಕನ್ನಡದಲ್ಲೇ ಹೇಳಿದೆ.

"ಮಳಿ ಇದ್ದಿಲ್ರಿ, ನಾನೂ ಅದನ್ನ ಹೇಳಿನಿ. ನಿಮ್ಮ ಕಾಗದದಾಗ ಪ್ರವಾಹ ಅಂತ ಐತಿ. ಅದು ನಮ್ಮ ಓಣ್ಯಾಗ ಬಿದ್ದ ಮಳಿಯಿಂದನ ಬರಬೇಕು ಅಂತ ಎಲ್ಲಿ ಬರ್ದೀರಿ, ತೋರಿಸ್ರಿ."

ಕಂಪನಿಯವರು ವಿಮೆಯ ಕಾಗದದ ಹಾಳೆ ಮಗುಚಿ ಹುಡುಕತೊಡಗಿದರು.

ತೀರ್ಪು ನಮ್ಮ ಕಡೆಗೆ ಬಂತು. ನೆಲ, ಬಾಗಿಲು, ಗೋಡೆಗೆ ಪರಿಹಾರ ಸಿಕ್ಕಿತು. ಯಂತ್ರದ ಮೋಟಾರಿಗೆ, ಮಂಚ, ಹಾಸಿಗೆ, ದವಸಕ್ಕೆ ಸಿಗಲಿಲ್ಲ. ಆ ವಿಮೆ ಕಟ್ಟಡಕ್ಕೆ ಮಾತ್ರ, ಒಳಗಿನ ಸಾಮಾನಿಗೆ ಬೇರೆ ಮಾಡಿಸಬೇಕಿತ್ತು. ಅದು ಕಾಗದದಲ್ಲೇ ಇತ್ತು, ಆ ಸಾಲನ್ನು ನಾವು ಓದಿರಲಿಲ್ಲ. ಆ ತಪ್ಪು ನಮ್ಮದು, ಒಪ್ಪಿಕೊಂಡೆ. ಮುಂದಿನ ಸಲ ವಿಮೆ ಕಟ್ಟುವಾಗ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಗೊಣಗಲಿ ಎಂದು ಕೂತೇ ಇದ್ದೆ.

ನಕ್ಷೆಯ ಸುದ್ದಿ ಪುರಸಭೆಗೂ ಮುಟ್ಟಿ ಹಳ್ಳದ ಅಳತೆ ಆಯಿತು. ಸಾಹುಕಾರರ ಕಾಂಪೌಂಡು ಹೋಯಿತು. ಅವತ್ತಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬೋರಿನ ನೀರು ಕೊಟ್ಟ ಕೈ ಅದು. ಅದರ ನೋವು ನನಗಿಲ್ಲವೆಂದರೆ ಸುಳ್ಳಾಗುತ್ತದೆ. ಮಾಡಿದ್ದು ತಪ್ಪೆಂದು ಮಾತ್ರ ಇವತ್ತಿಗೂ ಅನಿಸಿಲ್ಲ.

ಬಡಾವಣೆಯವರು ಉಳಿದ ಸೈಟುಗಳನ್ನು ತೋರಿಸಲು ಜನರನ್ನು ಕರೆತರುತ್ತಲೇ ಇದ್ದರು. ಹೂವಿನ ಹಡಗಲಿಯಿಂದ ಬಂದ ಗಂಡ ಹೆಂಡತಿ ಒಮ್ಮೆ ನಮ್ಮ ಮನೆಯಲ್ಲಿ ಕುಡಿಯಲು ನೀರು ಕೇಳಿದರು. ನೀರು ಕೊಟ್ಟು ಇದ್ದದ್ದನ್ನು ಹೇಳಿದೆ. ಬಡಾವಣೆಯ ಕಡೆಯವನೊಬ್ಬ ಸಂಜೆ ಬಂದು, ನಮ್ಮ ವ್ಯವಹಾರದ ನಡುವೆ ನೀವು ಬರುವುದು ಚೆನ್ನಾಗಿರುವುದಿಲ್ಲ ಎಂದು ಮೆತ್ತಗೆ ಎಚ್ಚರಿಸಿ ಹೋದ. ಅವನು ಹೋದ ಮೇಲೆ ನೀಲಿ ಬಣ್ಣ ಕಲಸಿದೆ. ರಸ್ತೆಯ ಕಡೆಯ ಗೋಡೆಗೆ, ಕೆಸರಿನ ಗುರುತು ಇದ್ದ ಎತ್ತರಕ್ಕೆ ಸರಿಯಾಗಿ, ಒಂದು ಗೆರೆ ಎಳೆದೆ. 'ನೀರು ಇಲ್ಲಿಯ ತನಕ ಬಂದಿತ್ತು' ಎಂದು ದಪ್ಪ ಅಕ್ಷರದಲ್ಲಿ ಬರೆದೆ.

ಒಂದು ವಾರ ಅದು ಹಾಗೇ ಇತ್ತು. ಕೊಟ್ಟೂರಿನ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಯಾರೋ ಸುಣ್ಣ ಬಳಿದಿದ್ದರು. ಚೀಲ ಒಳಗಿಟ್ಟು, ಫೋಟೊ ನೋಡಿ ಎತ್ತರ ಅಳೆದು, ಮತ್ತೆ ಬರೆದೆ. ಎದುರು ಮನೆಯ ಕಟ್ಟೆಯಲ್ಲಿ ನಾಲ್ಕು ಜನ ಕೂತು ನೋಡುತ್ತಿದ್ದರು. ನನ್ನ ಗಂಡ ಬಸ್ಸಿನ ಡ್ಯೂಟಿ ಮುಗಿಸಿ ಬಂದವರು ಗೋಡೆ ನೋಡಿ, ನನ್ನ ಕೈಯಿಂದ ಕುಂಚ ತೆಗೆದುಕೊಂಡು ಹೇಳಿದರು:

"ಅಕ್ಷರ ಸಣ್ಣವಾಗ್ಯಾವ. ರಸ್ತಿಗೆ ಕಾಣಂಗಿಲ್ಲ. ಈಕಡಿ ಸರಿ, ನಾ ಬರೀತನಿ."